ಇಬ್ಬನಿ ಕುಡಿದ ಡೇರೆ

ಫಸಲಿ ೧೩೨೩, ಮಾಘ ಶುದ್ಧ ಪಾಡ್ಯ, ಮಂಗಳವಾರ

ನಮ್ಮ ಅತ್ತೆ ನೀಲಗಂಗಮ್ಮನವರಿಗೆ ಬೀಸುವ ಕಲ್ಲಿನ ಮುಂದೆ ಕೂತಾಗಲೇ ದೊಡ್ಡ ದೊಡ್ಡ ವಿಚಾರ ಹೊಳೆಯುತ್ತವೆ. ಇವತ್ತು ಜೋಳ ಬೀಸುತ್ತ ಬೀಸುತ್ತ ಗೂಟ ಹಿಡಿದ ಕೈ ನಿಲ್ಲಿಸಿ, "ಚಂದಮ್ಮ, ನಾವೆಲ್ಲಾ ಕಮಲಾಪುರಕ್ಕ ಹೋಗಮು. ಹಳ್ಳದ ದಂಡಿಗೆ ಡೇರಿ ಹೊಡದು ಎರಡ ದಿನ ಇರಮು. ಮೀನ ಹಿಡಿಯಮು," ಎಂದರು.

ಹಿಟ್ಟಿನ ಜೊತೆಗೆ ತಲೆಯೂ ತಿರುಗಿತೇನೋ ಅಂದುಕೊಂಡೆ. ಮನೆ ಮಾರು ಇದ್ದವರು ಬಯಲಲ್ಲಿ ಮಲಗುತ್ತಾರೆಯೇ? ದೌರೆಯ ಮೇಲೆ ಊರೂರು ತಿರುಗುವ ತಾಲೂಕದಾರರು ಡೇರೆಯಲ್ಲಿ ಮಲಗುತ್ತಾರೆ, ಅವರಿಗೆ ಅದಕ್ಕೆ ಸರ್ಕಾರ ಸಂಬಳ ಕೊಡುತ್ತದೆ. ನಮ್ಮಂಥವರು ಬಯಲಿಗೆ ಬಿದ್ದದ್ದು ಒಂದೇ ಸಲ, ಪ್ಲೇಗಿನ ವರ್ಷ. ಇಡೀ ಕಲಬುರಗಿ ಮನೆಗೆ ಬೀಗ ಹಾಕಿಕೊಂಡು ಸೇಡಂ ರಸ್ತೆಯ ಹೊಲಗಳಲ್ಲಿ ಕೂತಿತ್ತು. ಗುಡಿಸಲು ಸಿಕ್ಕವರಿಗೆ ಗುಡಿಸಲು, ಡೇರೆ ಸಿಕ್ಕವರಿಗೆ ಡೇರೆ. ಆ ಡೇರೆಗಳನ್ನು ಹಗಲು ರಾತ್ರಿ ಕೂತು ಹೊಲಿದವರು ನಮ್ಮ ಮನೆಯವರು. ಮೈದುನ ಭೀಮಶಾ ಪ್ರಾಣ ಬಿಟ್ಟದ್ದೂ ಅಣ್ಣ ಹೊಲಿದ ಡೇರೆಯೊಳಗೇ.

ಅಂದಿನಿಂದ ಇವರು ಡೇರೆ ಹೊಲಿಯುತ್ತಾರೆ, ಡೇರೆಯೊಳಗೆ ಕಾಲಿಡುವುದಿಲ್ಲ. ಹೊಲಿಗೆ ಮುಗಿದ ಮೇಲೆ ಅದನ್ನು ಹೊಡೆದು ನಿಲ್ಲಿಸಿ, ಹೊಲಿದವನೇ ಒಳಗೆ ಹೋಗಿ ಕತ್ತೆತ್ತಿ ನೋಡಬೇಕು. ಸೂಜಿಯ ತೂತಿನಿಂದ ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ಮತ್ತೆ ಟಾಕಿ ಹಾಕಬೇಕು. ಬೆಳಕು ಸೋರಿದಲ್ಲಿ ನೀರೂ ಸೋರುತ್ತದೆ. ಆ ಕೆಲಸವನ್ನು ಈಗ ಅಂಗಡಿಯ ಮಾಲಕರಾದ ಇಮಾಮುದ್ದೀನ್ ಚಾಚಾ ತಾವೇ ನೋವಿನ ಮೊಣಕಾಲು ಹಿಡಿದುಕೊಂಡು ಮಾಡುತ್ತಾರೆ. ಯಾಕೆ ಅಂತ ಇವರನ್ನು ಒಂದು ದಿನವೂ ಕೇಳಿಲ್ಲ, ದೊಡ್ಡ ಮನುಷ್ಯ. ಮನೆಯಲ್ಲೂ ಇವರದು ಹಾಗೆಯೇ. ಉಣ್ಣುತ್ತಾರೆ, ಏಳುತ್ತಾರೆ. ಮೊದಲು ಇವರು ನಕ್ಕರೆ ಓಣಿಯ ನಾಯಿ ಬೊಗಳುತ್ತಿತ್ತು. ಈಗ ನಾಯಿಗೂ ಆ ನಗು ಮರೆತುಹೋಗಿರಬೇಕು.

"ನನ್ನ ಮಗ ಸಣ್ಣಾಂವ ಇದ್ದಾಗ ನನ್ನ ತವರೂರ ಹಳ್ಳದಾಗ ಬೆಳತನಕ ಗಾಳ ಹಾಕ್ಕೊಂಡು ಕುಂದರತಿದ್ದ," ಎಂದರು ಅತ್ತೆ. "ಅಲ್ಲಿ ಹೋದ್ರ ನಗ್ತಾನ. ಡೇರ್ಯಾಗ ಒಂದ ಸಲ ಮಲಗಿ ಎದ್ನಂದ್ರ ಅಂವನ ಅಂಜಿಕಿ ಹೋಗ್ತದ. ಇಲ್ಲಂದ್ರ ಹಿಂಗಾ ಮುದುಕ ಆಗ್ತಾನ ನೋಡು."

ಮಾತೇನೋ ಖರೆ. ಹಾಗಾದರೆ ಅತ್ತೆ, ಇವರು, ಮಗಳು ನಿಂಗಿ ಮೂವರೂ ಹೋಗಿಬರಲಿ. ನಾನಂತೂ ಹೋಗುವುದಿಲ್ಲ, ಮನೆ ಕಾಯುತ್ತೇನೆ. ಬಯಲು, ಡೇರೆ ಎಂದರೆ ಸಾಕು, ನನ್ನ ಅಂಗೈ ತಣ್ಣಗಾಗುತ್ತದೆ.

ನಿಂಗಿ ಮಲಗಿದ ಮೇಲೆ ದಿನದಂತೆ ಅವಳ ಕಂಕುಳು, ತೊಡೆಸಂದು ಮುಟ್ಟಿ ನೋಡಿದೆ. ಗಡ್ಡೆ ಇಲ್ಲ.

ಮಾಘ ಶುದ್ಧ ತದಿಗೆ, ಗುರುವಾರ

ಉಣ್ಣುವಾಗ ಅತ್ತೆ ಮಾತು ತೆಗೆದರು. ಡೇರೆಯ ಸುದ್ದಿ ಎತ್ತಲಿಲ್ಲ, ಬರೀ ಮೀನಿನ ಸುದ್ದಿ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವುದರಲ್ಲಿ ಅವರದು ಎತ್ತಿದ ಕೈ. ಇವರು ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿ, "ಆ ಅತ್ತಿಗಿಡದ ಬುಡಕಿನ ಮಡಾ ಇನ್ನಾ ಅದ ಏನ?" ಎಂದು ಕೇಳಿದರು.

ಅಷ್ಟೇ. ಆದರೆ ಇವರು ತಾವಾಗಿ ಒಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಯಿತೋ! ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹಲ್ಲಿಲ್ಲದ ಮುದುಕಿ ಕಣ್ಣು ಮಿಟುಕಿಸಿದರೆ ನಗು ತಡೆಯುವುದು ಕಷ್ಟ. ನಾನು ಸಾರು ತರುವ ನೆವ ಮಾಡಿ ಒಳಗೆ ಹೋದೆ.

ಓಣಿಯಲ್ಲಿ ಯಾರಿಗೂ ಹೇಳಬಾರದು ಎಂದು ನಿಂಗಿಗೆ ತಾಕೀತು ಮಾಡಿದೆ. ಎಲ್ಲರಿಗೂ ಡಂಗುರ ಹೊಡೆದು, ಆಮೇಲೆ ಇವರು ಡೇರೆಯ ಮುಂದೆ ನಿಂತು ಹಿಂದೆ ಸರಿದರೆ? ಪಕ್ಕದ ಮನೆಯ ವಿಮಲಾಬಾಯಿಗೆ ಒಂದು ವಿಷಯ ಗೊತ್ತಾದರೆ ಸಂಜೆಯೊಳಗೆ ಬಸವಣ್ಣನ ಗುಡಿಯ ಎತ್ತಿಗೂ ಗೊತ್ತಾಗಿರುತ್ತದೆ. ಇವರು ಜನರ ಬಾಯಿಗೆ ಬೀಳುವುದು ನನಗೆ ಬೇಡ.

ನಿಂಗಿಯನ್ನು ಮುಟ್ಟಿ ನೋಡಿದೆ. ಏನಿಲ್ಲ. ಕಚಗುಳಿಯಾಗಿ ಎದ್ದು ಬೈದಳು.

ಮಾಘ ಶುದ್ಧ ಪಂಚಮಿ, ಶನಿವಾರ

ಮನೆಯಲ್ಲಿ ಗಾಳದ ಕಾರಖಾನೆ ನಡೆದಿದೆ. ಇವರು ಡೇರೆ ಹೊಲಿಯುವ ದಪ್ಪ ಸೂಜಿಗಳನ್ನು ತಂದು, ನನ್ನ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ, ಚಿಮಟಿಗೆಯಲ್ಲಿ ಹಿಡಿದು ಬಗ್ಗಿಸಿದರು. ಮೇಣ ತಿಕ್ಕಿದ ಹುರಿಯೂ ಅಂಗಡಿಯದೇ. ಬೆಂಡಿಗೆ ಜೋಳದ ದಂಟು ಸುಲಿದು ಒಳಗಿನ ಬೆಳ್ಳನೆಯ ತಿರುಳು ತೆಗೆದೆವು. ನೀರಲ್ಲಿ ಬಿಟ್ಟರೆ ತೇಲುತ್ತದೆ, ಮೀನು ಎಳೆದರೆ ಮುಳುಗುತ್ತದೆ.

ಅತ್ತೆಗೆ ಒಂದು ಗಾಳವೂ ಒಪ್ಪಿಗೆಯಿಲ್ಲ. "ಇದ ಮೀನಿನ ಗಾಳ ಏನ ಎಮ್ಮಿ ಕಟ್ಟೋ ಕೊಂಡಿ? ನಿಮ್ಮಪ್ಪ ಸಣ್ಣ ಮುಳ್ಳಿನಾಗ ಅಷ್ಟಷ್ಟು ದೊಡ್ಡ ಮೀನ ಹಿಡಿತಿದ್ದ."

"ಅಪ್ಪ ಹಿಡದದ್ದು ಮೀನ ಸಣ್ಣದು, ಮಾತ ದೊಡ್ಡದು," ಎಂದರು ಇವರು.

ನಾನು ಹಿಟ್ಟು ನಾದುವುದನ್ನು ಬಿಟ್ಟು ಹಿಂತಿರುಗಿ ನೋಡಿದೆ. ಹೌದು, ಇವರೇ ಅಂದದ್ದು. ನಗಲಿಲ್ಲ, ಆದರೆ ಅಂದರು.

ಮನೆಯವರಿಗೆ ಬರೀ ಹುರಿ, ಬೆಂಡು. ಉಣ್ಣುವುದೇನು ಎಂದು ಯಾರೂ ಯೋಚಿಸುವುದಿಲ್ಲ. ಖಡಕ್ ರೊಟ್ಟಿ ಬಡಿದು ಒಣಗಿಸಬೇಕು. ಶೇಂಗಾ ಹಿಂಡಿ ಕುಟ್ಟಬೇಕು. ಮೀನಿಗೆ ಹುಣಸೆ, ಬಳ್ಳೊಳ್ಳಿ, ಕೊಬ್ಬರಿ, ಖಾರ ಹದವಾಗಿ ಅರೆದು ಗಡಿಗೆಗೆ ತುಂಬಬೇಕು. ಅರೆದದ್ದು ಎರಡು ದಿನ ಕೆಡಬಾರದು, ಉಪ್ಪು ಸ್ವಲ್ಪ ಜಾಸ್ತಿ ಬೀಳಲಿ. ಕೂಸು ಹುಟ್ಟುವ ಮೊದಲೇ ಕುಲಾವಿ ಅಂದಂತೆ, ಮೀನು ಇನ್ನೂ ಹಳ್ಳದಲ್ಲಿದೆ, ನಾನು ಇಲ್ಲಿ ಖಾರ ಅರೆಯುವ ಲೆಕ್ಕದಲ್ಲಿದ್ದೇನೆ. ಒಲೆಗೆ ಮೂರು ಕಲ್ಲು ಅಲ್ಲೇ ಸಿಗುತ್ತವಂತೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಕೇಳಿದರೆ ಅತ್ತೆಗೆ ನೆನಪಿಲ್ಲ. ಇವರ ಮೀನು ಹೊಗೆ ವಾಸನೆ ಹೊಡೆದರೆ ನನ್ನ ಹೆಸರು ಕೆಡುತ್ತದೆ. ಮನೆ ಕಾಯುತ್ತೇನೆ ಅಂದವಳು ಈಗ ನಾನೂ ಹೋಗಲೇಬೇಕು.

ನಿಂಗಿಯನ್ನು ನೋಡಿದೆ, ಅರೆನಿದ್ದೆಯಲ್ಲಿ. ಏನಿಲ್ಲ.

ಮಾಘ ಶುದ್ಧ ಸಪ್ತಮಿ, ಸೋಮವಾರ

ಬುತ್ತಿ ಕೊಡುವ ನೆಪದಲ್ಲಿ ಅಂಗಡಿಗೆ ಹೋದೆ. ಇವರು ಹಿಂದಿನ ಪಡಸಾಲೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಇಮಾಮುದ್ದೀನ್ ಚಾಚಾನ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ದಾಡಿ ನೀವುತ್ತ ಕೇಳಿದರು.

"ಬೇಟಿ, ಅಲ್ಲಾನ ಮೇಹರಬಾನಿ, ಹೊಸಾ ಡೇರಾ ಒಂದು ತಯಾರ್ ಅದ. ಹೊಸಾ ಡೇರಾಕ್ಕ ಕೊಡೋದಕ್ಕಿಂತ ಮೊದಲ ಇಬ್ಬನಿ ಕುಡಿಸಬೇಕು. ರಾತ್ರಿ ತೋಯ್ದು ಹಗಲಿ ಒಣಗಿದ್ರ ನೂಲು ಉಬ್ಬಿ ಹೊಲಿಗಿ ಬಿಗಿ ಆಗ್ತದ. ನಮ್ಮ ಗಲ್ಲ್ಯಾಗ ಇಬ್ಬನಿ ಎಲ್ಲದ? ನೀವು ತಗೊಂಡು ಹೋಗ್ರಿ. ಜುಮ್ಮಾ ದಿನ ಅಂಗಡಿ ಬಂದ್. ಹುಣ್ಣಿಮಿ ಆದ ಮ್ಯಾಲ ಗುರುವಾರ ಹೋಗ್ರಿ, ಶನಿವಾರ ಬರ್ರಿ."

ನಾನು ಕೈ ಮುಗಿದೆ.

"ಠೈರೋ," ಎಂದು ತಡೆದರು. "ಒಳಗ ಹೋಗಿ ಬೆಳಕು ನೋಡೋ ಕೆಲಸ ನಿನ್ನ ಗಂಡ ಸಾಯಬಣ್ಣಂದು. ನಾ ಈ ಸಲ ನೋಡಲ್ಲ. ಮೊಣಕಾಲು ಬಹಳ ನೋಯ್ತದ." ಹೀಗೆಂದವರು ನಾನು ನೋಡುತ್ತಿದ್ದಂತೆಯೇ ಪಟ್ಟನೆ ಎದ್ದು, ಮೇಲಿನ ಹಲಗೆಯಿಂದ ಗೂಟದ ಗಂಟು ಇಳಿಸಿಕೊಟ್ಟರು!

ಗಾಡಿಯೂ ಗೊತ್ತಾಯಿತು. ತಾಜಸುಲ್ತಾನಪುರದ ಅಣವೀರಪ್ಪ ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗುತ್ತಾನಂತೆ. ಹೋಗುವಾಗ ಗಾಡಿ ಖಾಲಿ. ಅವನದು ಒಂದೇ ಕರಾರು: "ಬರೋ ಮುಂದ ನನ್ನ ಗಾಡ್ಯಾಗ ಮೀನಿನ ಮುಳ್ಳ ಸೈತ ಇರಬಾರದ್ರೀ ಯವ್ವಾ. ನಾವು ಲಿಂಗ ಕಟ್ಟಿದ ಮಂದಿ. ನನ್ನ ಎತ್ತೂ ಹಂಗಾ." ಎತ್ತುಗಳು ಮೀನು ತಿನ್ನುವುದಿಲ್ಲ ಎಂದು ನಾನೂ ಮಾತು ಕೊಟ್ಟೆ.

ಮಾಘ ಶುದ್ಧ ನವಮಿ, ಬುಧವಾರ

ಡೇರೆಯ ಸುದ್ದಿ ಇವರ ಕಿವಿಗೆ ಬಿತ್ತು. ಮನೆಗೆ ಬಂದವರೇ, "ಡೇರಿ ಯಾಕ? ಗಾಡಿ ಬುಡಕ ಮಲಗಿದ್ರ ಆಗಂಗಿಲ್ಲೇನ?" ಎಂದರು.

"ಅತ್ತಿಗಿ ಥಂಡಿ ಆಗ್ತದ್ರೀ," ಎಂದೆ.

"ಹೊಡೀತೀನಿ. ಒಳಗ ಬಾ ಅಂತ ಯಾರೂ ಅನಬ್ಯಾಡ್ರಿ."

"ಯಾರ ಕರದಾರ ನಿಮಗ?" ಎಂದುಬಿಟ್ಟೆ. ಸಿಟ್ಟಿನಲ್ಲಿ ಒಣಮೆಣಸಿನಕಾಯಿ ಕುಟ್ಟಿದ್ದಕ್ಕೆ ಇಡೀ ಮನೆ ಸೀನಿತು. ಇವರೂ ಸೀನಿದರು. ಆಗಲಿ.

ಮಾಘ ಶುದ್ಧ ದ್ವಾದಶಿ, ಶನಿವಾರ

ಇವತ್ತು ಎಂಥಾ ಫಜೀತಿ! ಹಿತ್ತಲಲ್ಲಿ ಅತ್ತೆ ನಿಂಗಿಗೆ ಗಾಳ ಬೀಸುವುದನ್ನು ಕಲಿಸುತ್ತಿದ್ದರು. ದನಕ್ಕೆ ನೀರು ತುಂಬಿಡುವ ತೊಟ್ಟಿ, ಆ ಹೌದೇ ಹಳ್ಳ, ಅದರ ಕಟ್ಟೆಯೇ ದಂಡೆ. "ತೋಳ ಬೀಸಬ್ಯಾಡ, ಮಣಿಕಟ್ಟ ಬೀಸು," ಎನ್ನುತ್ತಿದ್ದರು. ನಿಂಗಿ ತೋಳು, ಮಣಿಕಟ್ಟು, ಸೊಂಟ ಎಲ್ಲವನ್ನೂ ಬೀಸಿದಳು. ಗಾಳ ಹೌದಿನ ಕಡೆ ನೋಡಲೂ ಇಲ್ಲ. ಗೋಡೆ ದಾಟಿ ಹೋಗಿ ವಿಮಲಾಬಾಯಿ ಒಣಹಾಕಿದ್ದ ಇಳಕಲ್ ಸೀರೆಯ ಸೆರಗಿಗೆ ಬಿತ್ತು. ಮೀನು ಬಿತ್ತು ಎಂದು ನಿಂಗಿ ಜಗ್ಗಿದಳು. ಸೀರೆ ಈ ಕಡೆ ಬಂತು, ಅದರ ಹಿಂದೆ ಗೋಡೆಯ ಮೇಲೆ ವಿಮಲಾಬಾಯಿಯ ಮುಖ ಬಂತು.

"ಅಗಬಾಯಿ! ಏನ ನಡದದ ಇದು? ಈ ಕೊಂಡಿ ಯಾತಕ್ಕ?"

ನನಗೆ ಏನೂ ಹೊಳೆಯಲಿಲ್ಲ. "ಇಲಿ ಹಿಡಿಯಾಕ್ರೀ ಬಾಯಿ," ಎಂದುಬಿಟ್ಟೆ. "ಮನ್ಯಾಗ ಇಲಿ ಭಾಳ ಆಗ್ಯಾವ."

ಬಾಯಿಯ ಬಾಯಿ ಹಾಗೇ ನಿಂತಿತು. ಸೀರೆ ಕೇಳುವುದನ್ನೂ ಮರೆತು, "ಸತ್ತ ಬಿದ್ದಾವೇನ?" ಎಂದರು.

"ಹೂನ್ರೀ, ಒಂದೆರಡು," ಎಂದೆ. ಸುಳ್ಳು ಹೇಳಿದ ಮೇಲೆ ಅರ್ಧಕ್ಕೆ ಬಿಡಬಾರದು. ಅವರು ಗೋಡೆಯಿಂದ ಇಳಿದು ಹೋದರು, ಹೆಚ್ಚು ಕೆದಕಲಿಲ್ಲ. ಒಳ್ಳೆಯದೇ ಆಯಿತು. ಸೆರಗಿನ ತೂತಿಗೆ ಇವರು ರಾತ್ರಿ ಕಾಣದಂತೆ ಟಾಕಿ ಹಾಕಿಕೊಟ್ಟರು. ನಡೆದದ್ದನ್ನು ಹೇಳಿದಾಗ ಇವರ ಹೊಟ್ಟೆ ಅಲುಗಾಡಿದ್ದು ನನಗೆ ಕಂಡಿತು, ಮುಖ ಮಾತ್ರ ಗಟ್ಟಿ ಹಿಡಿದಿದ್ದರು.

ಅತ್ತೆ ಎರೆಹುಳು ತುಂಬಿದ ಗಡಿಗೆಯನ್ನು ನನ್ನ ಅಡಿಗೆಮನೆಯಲ್ಲಿ ಇಟ್ಟಿದ್ದಾರೆ. ಅದು ಹಿತ್ತಲಿಗೆ ಹೋಗಬೇಕು, ಇಲ್ಲವೇ ನಾನು ಹೋಗಬೇಕು.

ಭಾರತ ಹುಣ್ಣಿಮೆ, ಮಂಗಳವಾರ

ಕೆಲಸ, ಕೆಲಸ. ಎರಡು ದಿನ ಮನೆ ಮುಚ್ಚಿರುತ್ತದೆ ಎಂದು ಕಾಳಿನ ಗುಮ್ಮಿಗಳನ್ನು ಖಾಲಿ ಮಾಡಿ ಕಾಳು ಬಿಸಿಲಿಗೆ ಹಾಕಿದೆ. ಹಾಸಿಗೆ, ಕೌದಿ ಎಲ್ಲ ಓಣಿಯಲ್ಲೇ ಒಣಹಾಕಿದೆ. ಡೇರೆ ಬಂತು. ಅದರೊಳಗೆ ಹುಳ ಹುಪ್ಪಡಿ ಇರಬಾರದೆಂದು ಅಂಗಳದಲ್ಲಿ ಹರಡಿ ಬೇವಿನ ಸೊಪ್ಪಿನ ಹೊಗೆ ಹಾಕಿದೆ. ಓಣಿ ತುಂಬ ಹೊಗೆ.

ಓಣಿಯವರಿಗೆ ಇವತ್ತು ಏನಾಗಿದೆಯೋ. ಟಾಂಗಾದ ಶಬ್ಬೀರ್ ನಮ್ಮ ಬಾಗಿಲಿಗೆ ಬಂದವನು ಒಳಗೆ ಬರಲಿಲ್ಲ. ಮೂಗಿಗೆ ರುಮಾಲು ಹಿಡಿದು ದೂರದಿಂದಲೇ, "ಭಾಬಿ, ಸಬ್ ಖೈರಿಯತ್? ಬಚ್ಚಿಗಿ ಜ್ವರ ಗಿರ ಇಲ್ಲಲ್ಲ?" ಎಂದು ಕೇಳಿ ಹೋದ. ವಿಮಲಾಬಾಯಿ ದಿನಕ್ಕೆ ಹತ್ತು ಸಲ ಬರುವವರು, ಗೋಡೆಯ ಮೇಲೂ ಕಾಣಲಿಲ್ಲ. ಹೊಗೆ ಬಂದದ್ದಕ್ಕೆ ಸಿಟ್ಟಿರಬೇಕು. ಕಮಲಾಪುರದಿಂದ ಬಂದ ಮೇಲೆ ಒಂದು ಗೊನೆ ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡುತ್ತೇನೆ.

ಮೀನಿನ ಖಾರ ಅರೆದಿಟ್ಟೆ. ಬೆರಳಲ್ಲಿ ನೆಕ್ಕಿ ನೋಡಿದ ಅತ್ತೆ ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದಿದ್ದರೆ ಅದು ಹದವಾಗಿದೆ ಎಂದೇ ಅರ್ಥ.

ಮಾಘ ಬಹುಳ ಬಿದಿಗೆ, ಗುರುವಾರ
*ಕಮಲಾಪುರದ ಹಳ್ಳದ ದಂಡೆ*

ಕೋಳಿ ಕೂಗುವ ಮೊದಲೇ, ದೀಪ ಹಚ್ಚದೆ, ಸಪ್ಪಳ ಮಾಡದೆ ಗಾಡಿ ತುಂಬಿದೆವು. ಎತ್ತಿನ ಗೆಜ್ಜೆಗೆ ನಾನೇ ಬಟ್ಟೆ ಸುತ್ತಿದೆ. ಓಣಿ ದಾಟುವಾಗ ಒಂದು ಕಿಟಕಿ ಕಿರ್ ಅಂತು, ಅಷ್ಟೇ. ಊರ ಹೊರಗೆ ಬಂದ ಮೇಲೆ ಬಟ್ಟೆ ಬಿಚ್ಚಿದಾಗ ಎತ್ತುಗಳಿಗೂ ಖುಷಿಯಾಯಿತು. ದಾರಿಯುದ್ದಕ್ಕೂ ಬಿಳಿಜೋಳ ಹಾಲ್ದೆನೆಗೆ ಬಂದು ನಿಂತಿದೆ, ನಡುನಡುವೆ ಕುಸುಬಿಯ ಹಳದಿ. ನಿಂಗಿ ಕೇಳಿದ್ದನ್ನೇ ಕೇಳಿ ಅಣವೀರಪ್ಪನ ತಲೆ ತಿಂದಳು. ಅವನು ಅವಳಿಗೆ ಎತ್ತಿನ ಹಗ್ಗ ಕೊಟ್ಟು ತಾನು ನಿದ್ದೆ ಹೋದ.

ಹೊತ್ತು ಇಳಿಯುವಾಗ ಬಂದು ಮುಟ್ಟಿದೆವು. ಒಂದು ಕಡೆ ಬಾಳೆಯ ತೋಟಗಳು, ಗೊನೆಗಳು ಕೆಂಪಗೆ, ಕುಂಕುಮಕ್ಕೆ ಮಣ್ಣು ಬೆರೆಸಿದ ಬಣ್ಣ. ಇನ್ನೊಂದು ಕಡೆ ಹಳ್ಳ. ಅತ್ತಿಗಿಡ ಇದೆ, ಅದರ ಬುಡದಲ್ಲಿ ಮಡುವೂ ಇದೆ. ಇವರು ಚಪ್ಪಲಿ ಬಿಟ್ಟು ನೇರವಾಗಿ ನೀರಿಗಿಳಿದು ಮೊಣಕಾಲುದ್ದ ನೀರಲ್ಲಿ ಸುಮ್ಮನೆ ನಿಂತರು. ಕರೆಯಬೇಕು ಅನ್ನಿಸಲಿಲ್ಲ, ನೋಡುತ್ತ ನಿಂತೆ.

ಡೇರೆಯನ್ನು ಮಾತ್ರ ಏನು ಚಂದ ಹೊಡೆದರು! ಗೂಟ ಬಡಿದದ್ದೇನು, ಹಗ್ಗ ಜಗ್ಗಿದ್ದೇನು, ಒಂದು ಸುಕ್ಕಿಲ್ಲದೆ ನಿಂತಿತು. ನಾನು, ಅತ್ತೆ, ನಿಂಗಿ ಒಳಗೆ ಹಾಸಿಕೊಂಡೆವು. ಇವರು ಬಾಗಿಲವರೆಗೆ ಬಂದು, ಕೌದಿಯನ್ನು ಒಳಗೆ ಎಸೆದು, ಗಾಡಿಯ ಕೆಳಗೆ ಹೋದರು. ನಾಳೆ ಇನ್ನೊಂದೇ ರಾತ್ರಿ ಉಳಿದಿದೆ.

ಮಾಘ ಬಹುಳ ತದಿಗೆ, ಶುಕ್ರವಾರ

ಬೆಳಿಗ್ಗೆ ಎದ್ದಾಗ ಡೇರೆ ತೊಯ್ದು ತೊಪ್ಪೆಯಾಗಿತ್ತು, ಬೇಕಾದಷ್ಟು ಇಬ್ಬನಿ ಕುಡಿದಿದೆ. ನಾನು ಎಂಥಾ ನಿದ್ದೆ ಹೋಗಿದ್ದೆನೆಂದರೆ ನಿಂಗಿ ಎದ್ದು ಹಳ್ಳಕ್ಕೆ ಹೋದದ್ದೂ ಗೊತ್ತಾಗಿಲ್ಲ.

ಅಪ್ಪ, ಮಗಳು, ಆಯಿ ಮೂವರೂ ದಂಡೆಯಲ್ಲಿ ಸಾಲಾಗಿ ಕೂತಿದ್ದಾರೆ. ಮೊದಲ ಮೀನು ನಿಂಗಿಯದು, ಅಂಗೈ ಅಗಲದ್ದು. ಅದು ಗಾಳದ ತುದಿಯಲ್ಲಿ ಕುಣಿದದ್ದಕ್ಕಿಂತ ಇವಳು ದಂಡೆಯ ಮೇಲೆ ಕುಣಿದದ್ದು ಹೆಚ್ಚು. ಇವರಿಗೆ ಉದ್ದನೆಯ ಮೀಸೆಯ ಚೇಳುಮೀನುಗಳು ಸಿಕ್ಕವು. ಅತ್ತೆಗೆ ಒಂದೂ ಇಲ್ಲ. ಮೀನುಗಳು ತವರಿನ ಮಗಳೆಂದು ಮರ್ಯಾದೆ ಕೊಟ್ಟು ದೂರ ನಿಂತಿವೆ ಎಂದು ನಾನು ಅಂದದ್ದಕ್ಕೆ ಸಿಟ್ಟು ಮಾಡಿಕೊಂಡು, ಬಾಳೆತೋಟದವರು ಕೊಟ್ಟ ಹಣ್ಣಿನ ಚಿಪ್ಪನ್ನೇ ಮುಂದಿಟ್ಟುಕೊಂಡು ಕೂತರು. ಬರಿಹೊಟ್ಟೆಯಲ್ಲಿ ಅಷ್ಟು ಬೇಡ ಎಂದೆ. ಕೇಳಲಿಲ್ಲ.

ಇವರು ಹಳ್ಳದ ದಂಡೆಯಲ್ಲಿ ಹಳೆಯ ಮನುಷ್ಯರೇ. ಮೀನಿನ ಜೊತೆ ಮಾತಾಡುತ್ತಾರೆ, ಅದಕ್ಕೆ ಬೈಯುತ್ತಾರೆ. ಆದರೆ ಸೂಜಿಯ ಡಬ್ಬಿ ಡೇರೆಯಲ್ಲಿದೆ ಎಂದು ನಿಂಗಿಯನ್ನು ಕಳಿಸಿದರು, ತಾವು ಬರಲಿಲ್ಲ. ಬಾಗಿಲಿಗೆ ಬಂದರೆ ಮತ್ತೆ ಅದೇ ಮುಖ. ಹಗಲು ಇರುವಾಗ ಬೆಳಕು ನೋಡಬೇಕು, ಚಾಚಾಗೆ ಏನು ಹೇಳಲಿ? ಕೈ ಹಿಡಿದು ಎಳೆಯುವುದಕ್ಕೆ ಇವರು ಎತ್ತಲ್ಲ. ನನಗೆ ಅಳು ಬರುತ್ತದೆ. ಇಷ್ಟು ದೂರ ಬಂದು ಬಾಗಿಲಲ್ಲೇ ನಿಲ್ಲಬೇಕೆ?

ಅದೇ ದಿನ, ರಾತ್ರಿ

ಮರೆಯುವ ಮೊದಲು ಬರೆದಿಡುತ್ತೇನೆ.

ಊಟದ ಹೊತ್ತಿಗೆ ಹಳ್ಳದ ಆಚೆ ದಂಡೆಯಲ್ಲಿ ಧೂಳೆದ್ದಿತು. ನೋಡಿದರೆ ಮೂರು ಗಾಡಿ, ಹಿಂದೆ ಶಬ್ಬೀರನ ಟಾಂಗಾ. ಗಾಡಿಗಳ ಮೇಲೆ ಹಾಸಿಗೆ, ತಾಮ್ರದ ಹಂಡೆ, ಕೋಳಿಬುಟ್ಟಿ, ಮಕ್ಕಳು, ಮುದುಕರು. ನಮ್ಮ ಓಣಿ! ಇಡೀ ಓಣಿ ಎದ್ದು ಬಂದಿತ್ತು. ವಿಮಲಾಬಾಯಿ ಮೊದಲ ಗಾಡಿಯ ಮೇಲೆ ದೇವರ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಯಾರೂ ನೀರು ದಾಟಿ ಬರಲಿಲ್ಲ. ಆಚೆಯಿಂದಲೇ ಕೂಗಿದರು:

"ಯಾರಿಗಿ ಬಂದದ?"

"ಏನು ಬಂದದ?" ಎಂದು ನಾನು ಕೂಗಿದೆ.

"ಗಡ್ಡಿ ಬ್ಯಾನಿ!"

ನನಗೆ ತಲೆಬುಡ ಹತ್ತಲಿಲ್ಲ. ಆಮೇಲೆ ಒಂದೊಂದಾಗಿ ಬಂದವು, ಎಲ್ಲ ನೀರಿನ ಮೇಲಿಂದ ಕೂಗಾಟದಲ್ಲೇ. ಸತ್ತ ಇಲಿ. ಖಾಲಿ ಗುಮ್ಮಿ. ಬಿಸಿಲಿಗೆ ಹಾಕಿದ ಹಾಸಿಗೆ. ಬೇವಿನ ಹೊಗೆ. ಕತ್ತಲಲ್ಲಿ ಗೆಜ್ಜೆಗೆ ಬಟ್ಟೆ ಸುತ್ತಿ ಹೊರಟ ಗಾಡಿ. ಅದರ ಮೇಲೆ ಡೇರೆ! ಪ್ಲೇಗು ಬಂದರೆ ಸರ್ಕಾರ ಮೊದಲು ಡೇರೆಯ ಅಂಗಡಿಗೆ ಹೇಳಿ ಕಳಿಸುತ್ತದೆ, ಡೇರೆ ಹೊಲಿಯುವವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ಅವನೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿದ ಮೇಲೆ ಉಳಿದವರು ಯಾಕೆ ಕೂತಾರು? ಗುರುವಾರ ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಬೀಗ ಹಾಕಿಕೊಂಡು, ಗಾಡಿಯ ಜಾಡು ಕೇಳುತ್ತ ಕೇಳುತ್ತ ಬಂದುಬಿಟ್ಟಿದೆ.

ನಾನು ಇಲಿಯ ಸುಳ್ಳು ಹೇಳುವಾಗ ಇದೊಂದೂ ನನಗೆ ಹೊಳೆದಿರಲಿಲ್ಲ. ಖರೇ ಹೇಳುತ್ತೇನೆ, ಮೀನಿನ ಹೊರತು ತಲೆಯಲ್ಲಿ ಬೇರೇನೂ ಇರಲಿಲ್ಲ.

"ಒಂದ ಗ್ವಾಡಿ ಆಸರಿ ಇದ್ದವರು ನಾವು," ಎಂದು ವಿಮಲಾಬಾಯಿ ಕೂಗಿದರು, ದನಿ ಒಡೆದಿತ್ತು. "ನಮಗ ಒಂದ ಮಾತ ಹೇಳಬಾರದಿತ್ತೇನ ಚಂದಮ್ಮ? ನೀವಷ್ಟಾ ಉಳಕೊಂಡ್ರ ಸಾಕೇನ?"

ಅದು ನನ್ನ ಎದೆಗೆ ನಾಟಿತು. "ಯಾ ಬ್ಯಾನಿನೂ ಇಲ್ರೀ ಬಾಯಿ! ನಾವು ಮೀನ ಹಿಡಿಯಾಕ ಬಂದೀವಿ!" ಎಂದೆ.

ಶಬ್ಬೀರ್ ಕೇಳಿದ: "ಮೀನು? ಮೀನಕ್ಕ ಡೇರಾ ಯಾಕ ಭಾಬಿ? ಮೀನೇನು ಡೇರಾದಾಗ ಮಲಗ್ತದ?"

ಯಾರೂ ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಅದೇ ಹೊತ್ತಿಗೆ, ಮುಚ್ಚಿದ ಡೇರೆಯೊಳಗಿಂದ, "ಎವ್ವಾ... ಸತ್ತನೆವ್ವಾ..." ಎಂಬ ನರಳಾಟ ಕೇಳಿಸಿತು. ಚಿಪ್ಪು ಬಾಳೆಹಣ್ಣು ಮುಗಿಸಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ ನಮ್ಮ ಅತ್ತೆ! ಆಚೆ ದಂಡೆಯ ಹೆಂಗಸರು ಕಿಟಾರನೆ ಕಿರುಚಿ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು.

"ಡೇರಾದಾಗ ಬ್ಯಾನಿ ಮನುಷ್ಯ ಅದ!" ಎಂದ ಶಬ್ಬೀರ್.

"ಬಾಳೆಹಣ್ಣಿನ ಬ್ಯಾನಿ! ಬಾಳೆಹಣ್ಣ!" ಎಂದೆ ನಾನು. ಯಾರಿಗೆ ಕೇಳಬೇಕು?

"ಹಂಗಾದ್ರ ಸಾಯಬಣ್ಣ ಹೊರಗ ಯಾಕ ಕುಂತಾನ?" ಎಂದರು ವಿಮಲಾಬಾಯಿ. "ಅಂವನ ಹಾಸಗಿ ಗಾಡಿ ಬುಡಕ ಯಾಕದ? ಹೆತ್ತ ತಾಯಿ ನರಳಾಕತ್ತಾಳ, ಒಳಗ ಯಾಕ ಹೋಗವಲ್ಲ?"

ಭೀಮಶಾನ ಸುದ್ದಿಯನ್ನು ನೀರಿನ ಮೇಲಿಂದ ಕೂಗಿ ಹೇಳಲಾದೀತೇ? ಶಬ್ಬೀರ್ ಟಾಂಗಾ ತಿರುಗಿಸುತ್ತಿದ್ದ, ಪೊಲೀಸ್ ಪಾಟೀಲರಿಗೆ ತಿಳಿಸಬೇಕು ಎನ್ನುತ್ತಿದ್ದ. ಒಂದು ಸಲ ಪಾಟೀಲರ ಕಿವಿಗೆ ಬಿದ್ದರೆ ನಮ್ಮನ್ನೂ ಓಣಿಯನ್ನೂ ಹಿಡಿದು ಬೇರೆ ಬೇರೆ ಕೂರಿಸುತ್ತಾರೆ. ಆಚೆ ದಂಡೆಯಲ್ಲಿ ಸಣ್ಣ ಸಣ್ಣ ಮಕ್ಕಳು ಅಳುತ್ತಿದ್ದವು.

ಇವರು ಗಾಳ ಕೆಳಗಿಟ್ಟು ಎದ್ದರು. ಒದ್ದೆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡರು. ಡೇರೆಯ ಬಾಗಿಲಿಗೆ ಹೋಗಿ, ಪರದೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೇಡ ಬಿಡ್ರಿ ಎನ್ನಬೇಕು ಅನ್ನಿಸಿತು. ನನಗೆ ಬೇಕಾದದ್ದೇ ಇದು, ಆದರೆ ಹೀಗಲ್ಲ. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದರು.

ಪರದೆ ಮುಚ್ಚಿಕೊಂಡಿತು. ಅತ್ತೆಯ ನರಳಾಟ ನಿಂತಿತು. ಒಳಗಿಂದ ಇವರು ಅಳುವ ಸಪ್ಪಳ ಬಂತು, ಎದೆಯಾಳದಿಂದ, ಗಂಡಸರು ಯಾರೂ ಇಲ್ಲದ ಕಡೆ ಅಳುವ ಹಾಗೆ. "ಅಳು ಮಗನಾ, ಅಳು," ಎಂದು ಅತ್ತೆ ಮೆಲ್ಲಗೆ ಅನ್ನುತ್ತಿದ್ದರು. ನಾನು ಹೊರಗೆ ಹಗ್ಗ ಹಿಡಿದು ನಿಂತು ಕಣ್ಣೀರು ಹಾಕಿದೆ. ಭೀಮಶಾನಿಗಾಗಿ ನಾವು ಸರಿಯಾಗಿ ಅತ್ತಿರಲೇ ಇಲ್ಲ. ಆ ಬಯಲಲ್ಲಿ ಯಾರಿಗೆ ಪುರಸೊತ್ತಿತ್ತು?

ಎಷ್ಟೋ ಹೊತ್ತಿನ ಮೇಲೆ ಇವರ ದನಿ ಕೇಳಿಸಿತು, ಅಂಗಡಿಯ ದನಿ: "ನಿಂಗಿ ಅವ್ವಾ, ಮೇಣದ ನೂಲು ತಾ. ಇಲ್ಲಿ ಮೂಲ್ಯಾಗ ಬೆಳಕು ಸೋರಾಕತ್ತದ. ಎಲ್ಲಿ ನೋಡ್ತಿದ್ದ್ಯೋ ಸಾಯಬಣ್ಣ, ಇದೇನ ಹೊಲಿಗಿ ಇದು!"

ತಮಗೆ ತಾವೇ ಬೈದುಕೊಳ್ಳುತ್ತಿದ್ದರು! ನಾನು ನೂಲು ಹಿಡಿದು ಓಡಿದೆ. ಮಲಗಿದ ತಾಯಿಯ ಪಕ್ಕದಲ್ಲಿ ಅಂಗಾತ ಬಿದ್ದುಕೊಂಡು, ಕಣ್ಣಲ್ಲಿ ಇನ್ನೂ ನೀರಿರುವಾಗಲೇ, ಬೆರಳು ತೋರಿಸುತ್ತ ತೂತು ಎಣಿಸುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ, "ಹೊಟ್ಟಿ ನಿಂತದ. ಇನ್ನೊಂದ ಹಣ್ಣ ಅದ ಏನ?" ಎಂದರು.

ಅಷ್ಟಕ್ಕೆ ಇವರು ನಕ್ಕರು. ಆ ಹಳೇ ನಗು, ಓಣಿಯ ನಾಯಿ ಬೊಗಳುವ ನಗು. ಡೇರೆಯ ಬಟ್ಟೆ ನಡುಗಿತು. ಇವರು ಎದ್ದು ನಾಲ್ಕೂ ಕಡೆಯ ಪರದೆಗಳನ್ನು ಎತ್ತಿ ಕಟ್ಟಿ, "ಬರ್ರೋ! ಎಲ್ಲಾರೂ ಬಂದು ನೋಡ್ರಿ! ಮುದುಕಿಗಿ ಬಾಳೆಹಣ್ಣಿನ ಪಿಲೇಗ ಬಂದದ!" ಎಂದು ಕೂಗಿದರು.

ಆ ನಗು ಕೇಳಿದ ಮೇಲೆ ಓಣಿಯವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ವಿಮಲಾಬಾಯಿ ಸೀರೆ ಎತ್ತಿಕಟ್ಟಿ ಎಲ್ಲರಿಗಿಂತ ಮೊದಲು ನೀರು ದಾಟಿ ಬಂದು, ನನ್ನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ತಬ್ಬಿಕೊಂಡು ಅತ್ತರು. "ಇಲಿ ಅಂತ ಇಲಿ! ನಿನ್ನ ನಾಲಿಗಿಗಿ ಅದಾ ಗಾಳ ಹಾಕ್ಬೇಕು," ಎಂದರು. ನಾನು ಅವರ ಕಾಲು ಹಿಡಿದೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಬಂದವರು ಬಂದಾಗಿದೆ, ಹೊತ್ತು ಇಳಿದಿದೆ, ಎತ್ತುಗಳು ದಣಿದಿವೆ. ಪ್ಲೇಗಿಗೆಂದು ಕಟ್ಟಿ ತಂದ ಅಕ್ಕಿ, ಹಿಟ್ಟು, ಎಣ್ಣೆ ಎಲ್ಲರ ಹತ್ತಿರ ತಿಂಗಳಿಗಾಗುವಷ್ಟಿದೆ. ಗಂಡಸರೆಲ್ಲ ಗಾಳಕ್ಕೆ ಕೂತರು. ಶಬ್ಬೀರ್ ತೊಡೆಯುದ್ದದ ಮೀನು ಎಳೆದು ತಾನೇ ನೀರಿಗೆ ಬಿದ್ದ. ನನ್ನ ಖಾರ ಸಾಲದೆ ಮತ್ತೆ ಕಲ್ಲ ಮೇಲೆ ಅರೆದೆವು. ಉಪ್ಪು ಜಾಸ್ತಿ ಎಂದು ವಿಮಲಾಬಾಯಿ ಕೊಂಕು ತೆಗೆದರು, ಕೊಂಕು ತೆಗೆಯುತ್ತಲೇ ಮೂರು ಸಲ ಹಾಕಿಸಿಕೊಂಡರು. ಅಣವೀರಪ್ಪ ಗಾಳಿಯ ಮೇಲ್ಗಡೆಗೆ ಎತ್ತು ಕಟ್ಟಿಕೊಂಡು ರೊಟ್ಟಿ, ಹಿಂಡಿ ಉಂಡ. ಈ ಮಂದಿಯನ್ನೆಲ್ಲ ನೋಡಿ ಬಾಳೆತೋಟದವರು ಇದು ಯಾವ ಜಾತ್ರೆ ಎಂದು ಕೇಳಲು ಬಂದರು, ಅವರೂ ಉಂಡು ಹೋದರು.

ಈಗ ಚಂದ್ರ ಮೇಲೆ ಬಂದಿದ್ದಾನೆ. ಓಣಿಯ ಮಕ್ಕಳಿಗೆಲ್ಲ ಡೇರೆಯೇ ಬೇಕಂತೆ. ಒಳಗೆ ಕಾಲು ತಲೆ ಬೇರೆಯಿಲ್ಲದೆ ಬಿದ್ದುಕೊಂಡಿವೆ, ನಡುವೆ ಇವರು, ಇವರ ತೋಳಿನ ಮೇಲೆ ನಿಂಗಿ, ಮೂಲೆಯಲ್ಲಿ ಅತ್ತೆ. ನಾನು ಪಾತ್ರೆ ತೊಳೆದು ಕೌದಿ ಹಿಡಿದುಕೊಂಡು ಬಾಗಿಲಿಗೆ ಹೋದೆ. ಬೆರಳಿಡಲು ಜಾಗವಿಲ್ಲ.

"ತುಸು ಸರಕೊಳ್ರೀ," ಎಂದೆ.

ಇವರು ಕಣ್ಣೂ ತೆರೆಯದೆ, "ಜಾಗಾ ಎಲ್ಲದ? ಹೋಗು, ನೀ ಹೊರಗ ಮಲಗು," ಎಂದು ಮಗ್ಗುಲಾದರು. ಆಗಲೇ ಗೊರಕೆ ಶುರುವಾಗಿದೆ.

ನನ್ನ ಗಂಡ ನನ್ನನ್ನು ಡೇರೆಯಿಂದ ಹೊರಗೆ ಹಾಕಿದರು! ಬಯಲಲ್ಲಿ ಕೌದಿ ಹಾಸಿಕೊಂಡು ಒಬ್ಬಳೇ ನಗುತ್ತ ಕೂತಿದ್ದೇನೆ. ಪಕ್ಕದಲ್ಲಿ ಮಲಗಿದ್ದ ವಿಮಲಾಬಾಯಿ ಎದ್ದು ಕೂತು, ಹುಚ್ಚು ಹಿಡಿಯಿತೇ ಎಂದು ಕೇಳುತ್ತಿದ್ದಾರೆ. ಎಲ್ಲ ಹೇಳಬೇಕು ಅವರಿಗೆ.